ಸಿಪಾಯಿಯಾಗಿದ್ದ ಸಾಹೇಬರು

ರೈಲು ತಪ್ಪಬಹುದಿತ್ತು. ತಪ್ಪದಿದ್ದರೂ, ಅರಸೀಕೆರೆಯಲ್ಲಿ ನೀರು ಹಿಡಿದುಕೊಂಡು ಬರುತ್ತೇನೆಂದು ಇಳಿದ ಸಿಪಾಯಿ ಮತ್ತೆ ಹತ್ತದೇ ಹೋಗಬಹುದಿತ್ತು. ಮಹಾರಾಷ್ಟ್ರದಲ್ಲೆಲ್ಲೋ ಹಳಿಯ ಮೇಲೆ ನೀರು ನಿಂತು ಇಡೀ ಒಂದು ದಿನ ಕಳೆದುಹೋಗಬಹುದಿತ್ತು. ದಿಲ್ಲಿ ಸ್ಟೇಷನ್ನಿನಲ್ಲಿ ಮಿಲಿಟರಿ ಪೊಲೀಸರು ಅವನನ್ನು ತಡೆದು ರಜೆ ಚೀಟಿ ಕೇಳಬಹುದಿತ್ತು. ಆ ಚೀಟಿಯ ಅವಧಿ ಮುಗಿದು ಅಷ್ಟೊತ್ತಿಗೆ ಇಪ್ಪತ್ತೇಳು ದಿನವಾಗಿರುತ್ತಿತ್ತು. ಅವನು ಗೇಟಿನವರೆಗೆ ಬಂದು, ಗೇಟು ನೋಡಿ, ವಾಪಸ್ ತಿರುಗಬಹುದಿತ್ತು. ಸಾಹೇಬರೂ ಅದೇ ರೈಲಿನಲ್ಲಿದ್ದರು ಎಂದು ಯಾರಾದರೂ ಬಾಯಿಬಿಡಬಹುದಿತ್ತು. ಯಾರಾದರೂ ಎಂದರೆ ನಾನೇ, ಇನ್ಯಾರು. ಕಡೆಗೆ, ಇಷ್ಟೆಲ್ಲ ಯೋಚಿಸಿ ಯೋಚಿಸಿ ನನ್ನ ಎದೆಯೇ ನಿಂತುಹೋಗಬಹುದಿತ್ತು. ಇದನ್ನು ಪಟ್ಟಿಯ ಮೊದಲಲ್ಲೇ ಬರೆಯಬೇಕಿತ್ತು, ಆದರೆ ನನ್ನ ಹೆಂಡತಿ ಹೇಳುವಂತೆ, ಹೆದರಿಕೆಯಲ್ಲೂ ನನಗೊಂದು ಕ್ರಮ ಗೊತ್ತಿಲ್ಲ.

ಇದರಲ್ಲಿ ಒಂದೂ ಆಗಲಿಲ್ಲ.

ಹೋದ ತಿಂಗಳು ನಮ್ಮ ಹಳೇ ಪಲ್ಟನ್ನಿನವರ ವಾಟ್ಸಾಪ್ ಗುಂಪಿನಲ್ಲಿ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಕುಣಿಗಲ್ಲಿನ ಮನೆಯಲ್ಲಿ, ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ. ಅರ್ಧ ಗಂಟೆಯೊಳಗೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು, ವೀರ, ಧೀರ, ಸಿಂಹ. ಸಾಹೇಬರು ಸಿಂಹದ ಥರ ಇರಲಿಲ್ಲ. ಕುಳ್ಳು, ಕಪ್ಪು, ಬಲಗಿವಿ ಸ್ವಲ್ಪ ಮಂದ, ನಡೆಯುವಾಗ ಎಡಗೈ ಬೀಸುತ್ತಲೇ ಇರಲಿಲ್ಲ. ನನಗೂ ಏನಾದರೂ ಬರೆಯಬೇಕೆನಿಸಿತು. ಟೈಪ್ ಮಾಡಿದೆ, ಅಳಿಸಿದೆ. ಇಪ್ಪತ್ತೆರಡು ವರ್ಷ ಫೌಜಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಾಲಂ ಇಲ್ಲದ ಹಾಳೆಯಲ್ಲಿ ಏನು ಬರೆಯುವುದೆಂದು ಈಗಲೂ ತಿಳಿಯುವುದಿಲ್ಲ.

ಸಾಹೇಬರು ಹದಿನೆಂಟನೇ ವಯಸ್ಸಿಗೆ ಸಿಪಾಯಿಯಾಗಿ ಸೇರಿದವರು. ಒಂಬತ್ತು ವರ್ಷ ಬಂದೂಕು ಹೊತ್ತು, ಕಕ್ಕಸು ತೊಳೆದು, ಲಂಗರು ಎನ್ನುವ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿ, ಆಮೇಲೆ ಪರೀಕ್ಷೆ ಬರೆದು ಅಧಿಕಾರಿಯಾದರು. ಫೌಜಿನಲ್ಲಿ ಇದಕ್ಕೆ ದಾರಿಯಿದೆ. ಆದರೆ ಆ ದಾರಿಯಲ್ಲಿ ಬಂದವರನ್ನು ಎರಡೂ ಕಡೆಯವರು ಪೂರ್ತಿ ತಮ್ಮವರೆಂದುಕೊಳ್ಳುವುದಿಲ್ಲ. ಆಫೀಸರ್ಸ್ ಮೆಸ್ಸಿನಲ್ಲಿ ಅವರು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದರಂತೆ, ಯಾರೋ ಈಗ ಎಬ್ಬಿಸುತ್ತಾರೆ ಅನ್ನೋ ಹಾಗೆ. ಅಕಾಡೆಮಿಯಿಂದ ನೇರವಾಗಿ ಬಂದ ಹುಡುಗು ಲೆಫ್ಟಿನೆಂಟುಗಳು ಬೆನ್ನ ಹಿಂದೆ ಅವರನ್ನು 'ಹವಾಲ್ದಾರ್ ಸಾಬ್' ಎಂದು ಕರೆದು ನಗುತ್ತಿದ್ದರು. ಇತ್ತ ಬ್ಯಾರಕ್ಕಿನ ಜವಾನರಿಗೆ ಅವರನ್ನು ಕಂಡರೆ ಉಳಿದ ಎಲ್ಲ ಅಧಿಕಾರಿಗಳಿಗಿಂತ ಹೆಚ್ಚು ಭಯ. ಕಾರಣ ಸರಳ: ಅವರ ಮುಂದೆ ಸುಳ್ಳು ಹೇಳಲು ಆಗುತ್ತಿರಲಿಲ್ಲ. ನಾವು ಹೇಳಬಹುದಾದ ಸುಳ್ಳನ್ನೆಲ್ಲ ಅವರು ಮೊದಲೇ ಹೇಳಿ ಮುಗಿಸಿದ್ದರು.

ಒಮ್ಮೆ ಬೆಳಗಿನ ಓಟದ ಹೊತ್ತಿಗೆ ಒಬ್ಬ ಹೊಟ್ಟೆ ಹಿಡಿದುಕೊಂಡು ನಿಂತ.

"ಎಲ್ಲಿ ನೋವು? ಎಡಗಡೆನೋ ಬಲಗಡೆನೋ?"

"ಬಲಗಡೆ ಸಾಬ್."

"ಬಲಗಡೆ ಅಂದ್ರೆ ಅಪೆಂಡಿಕ್ಸು. ಕುಯ್ತಾರೆ. ನಾನು ಸಿಪಾಯಿ ಆಗಿದ್ದಾಗ ಮಧ್ಯ ಅಂತಿದ್ದೆ. ಓಡು."

ಅವನು ಓಡಿದ. ಇದು ಎಲ್ಲರೂ ನಗುನಗುತ್ತಾ ಹೇಳುವ ಕಥೆ. ಯಾರೂ ಹೇಳದ ಕಥೆ ಇನ್ನೊಂದಿದೆ. ಅದೇ ಚಳಿಗಾಲದಲ್ಲಿ ಇನ್ನೊಬ್ಬ ತಲೆನೋವು ಎಂದ, ಅವನನ್ನೂ ಓಡಿಸಿದರು. ಅವನು ಮೂರನೇ ಸುತ್ತಿನಲ್ಲಿ ಬಿದ್ದ. ಮಿದುಳಿಗೆ ಜ್ವರ ಏರಿತ್ತು. ಬದುಕಿದ, ಆದರೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಆ ಹನ್ನೆರಡು ದಿನವೂ ಡ್ಯೂಟಿ ಮುಗಿದ ಮೇಲೆ ಸಾಹೇಬರು ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು, ಒಳಗೆ ಹೋಗುತ್ತಿರಲಿಲ್ಲ. ಎಲ್ಲ ಸುಳ್ಳನ್ನೂ ಬಲ್ಲವನಿಗೆ ನಿಜ ಎದುರಿಗೆ ಬಂದಾಗ ಗುರುತಾಗುವುದಿಲ್ಲವೇನೋ. ಅವರನ್ನು ದೇವರು ಮಾಡಲು ನಾನು ಹೊರಟಿಲ್ಲ. ಮಾಡಿದರೆ ಅವರೇ ಎದ್ದು ಬಂದು ಬಯ್ಯುತ್ತಾರೆ.

ಇನ್ಸ್‌ಪೆಕ್ಷನ್ ದಿನ ಬೇರೆ ಅಧಿಕಾರಿಗಳು ಬಂದೂಕು ನೋಡಿದರೆ ಇವರು ಬೂಟು ಬಿಚ್ಚಿಸಿ ಕಾಲು ನೋಡುತ್ತಿದ್ದರು. "ಬಂದೂಕ ಒರೆಸಿದ್ರೆ ಹೊಳೀತದೆ ಕಣ್ಲಾ ಬಾಬು. ಕಾಲು ಹಂಗಲ್ಲ, ಅದು ವಾರದ್ದೆಲ್ಲ ಹೇಳ್ಬುಡ್ತದೆ" ಎನ್ನುತ್ತಿದ್ದರು. ಬಾಬು ಎಂದರೆ ನಾನು. ಫೌಜಿನಲ್ಲಿ ಗುಮಾಸ್ತರೆಲ್ಲ ಬಾಬುಗಳೇ. ನಾನು ಗುಬ್ಬಿಯವನು, ಅವರು ಕುಣಿಗಲ್ಲಿನವರು ಎಂಬ ಕಾರಣಕ್ಕೆ ನಾವಿಬ್ಬರೇ ಇದ್ದಾಗ ಹಿಂದಿ ಬಿಟ್ಟು ನಮ್ಮ ಕಡೆಯ ಮಾತಿಗೆ ಇಳಿಯುತ್ತಿದ್ದರು. ಇಳಿದ ಕೂಡಲೇ ಬೈಗುಳ. ಹಿಂದಿಯಲ್ಲಿ ಅವರು ಸಭ್ಯ ಮನುಷ್ಯ.

ಈಗ ಸಿಪಾಯಿಯ ವಿಷಯ.

ಅವನು ಬೆಳ್ಳಾವಿಯವನು, ನಮ್ಮದೇ ಕಂಪನಿ, ಹನ್ನೊಂದು ವರ್ಷ ಸರ್ವೀಸು. ಸಾಹೇಬರು ಆಗ ಮೇಜರ್, ನಮ್ಮ ಕಂಪನಿ ಕಮಾಂಡರ್. ಸಿಪಾಯಿ ಹೆಂಡತಿಯ ಹೆರಿಗೆಗೆಂದು ರಜೆಯ ಮೇಲೆ ಹೋದ. ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಅವನು ನನ್ನ ಫೋನಿಗೆ ಒಂದು ಮೆಸೇಜು ಕಳಿಸಿದ: "ಬಾಬೂಜಿ, ಮಗು ಹೋಯ್ತು. ಇನ್ನೂ ಹತ್ತು ದಿನ ರಜ ಕೊಡ್ಸಿ." ಜೊತೆಗೆ ಅರ್ಜಿಯ ಫೋಟೋ. ಡಾಕ್ಟರ ಸರ್ಟಿಫಿಕೇಟ್ ಇರಲಿಲ್ಲ. ಸಾಹೇಬರು ಅಷ್ಟರಲ್ಲಿ ತಮ್ಮ ವಾರ್ಷಿಕ ರಜೆಗೆ ಕುಣಿಗಲ್ಲಿಗೆ ಹೋಗಿದ್ದರು; ಅವರ ಜಾಗದಲ್ಲಿದ್ದವನು ಹೊಸ ಲೆಫ್ಟಿನೆಂಟ್, ಮಾತೆತ್ತಿದರೆ ರೂಲು ಕೇಳುವವನು. ಸರ್ಟಿಫಿಕೇಟ್ ಇಲ್ಲದ ಅರ್ಜಿ ಮುಂದಿಟ್ಟರೆ ನನಗೇ ಬಯ್ಯುತ್ತಾನೆಂದು ಹೆದರಿದೆ. 'ಸರ್ಟಿಫಿಕೇಟ್ ಹಾಕಿ ಕಳಿಸು' ಎಂದು ಉತ್ತರ ಬರೆಯೋಣವೆಂದುಕೊಂಡೆ. ಮಾರನೆಯ ಬೆಳಿಗ್ಗೆ ನನ್ನದೇ ರಜೆಯ ರೈಲು. ಉತ್ತರ ಬರೆದೆನೆಂದೇ ನನಗೆ ನಾನು ಹೇಳಿಕೊಂಡೆ. ಗುಬ್ಬಿಗೆ ಬಂದು ನಾಲ್ಕು ದಿನವಾದ ಮೇಲೆ ಫೋನು ತೆಗೆದು ನೋಡಿದರೆ, ಬರೆದಿರಲಿಲ್ಲ. ಅಷ್ಟು ದಿನದ ಮೇಲೆ ಬರೆಯಲು ನಾಚಿಕೆಯಾಯಿತು. ಪ್ರಪಂಚದಲ್ಲಿ ಆಗದ ಅನಾಹುತಗಳಿಗೆಲ್ಲ ಹಗಲಿರುಳು ಚಿಂತೆ ಮಾಡುವ ನಾನು, ಆಗುತ್ತಿದ್ದ ಒಂದೇ ಅನಾಹುತವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ಅದಾಗಿ ಎರಡು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಸಾಹೇಬರು ನಮ್ಮ ಮನೆ ಬಾಗಿಲಿಗೆ ಬಂದರು. ಮಾಸಿದ ಪಂಚೆ, ಹವಾಯಿ ಚಪ್ಪಲಿ, ಹೆಗಲ ಮೇಲೆ ಟವೆಲ್ಲು. ನನ್ನ ಹೆಂಡತಿ ಒಳಗೆ ಬಂದು, "ಯಾರೋ ಕಾಯಿ ಕೀಳೋರು ಬಂದವ್ರೆ, ಇವತ್ತು ಬ್ಯಾಡ ಅಂದ್ಬುಡ್ಲಾ?" ಎಂದು ಕೇಳಿದಳು.

"ಏನ್ಲಾ ಬಾಬು, ಒಳಗಿದೀಯಾ? ಚಪ್ಲಿ ಹಾಕ್ಕೊಂಡ್ ಬಾ" ಎಂದು ಹೊರಗಿನಿಂದ ದನಿ ಬಂತು. ನಾನು ಬನಿಯನ್ನಿನಲ್ಲೇ ಅಟೆನ್ಷನ್ ನಿಂತೆ. ಹೆಂಡತಿ ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು. "ಇವ್ರಾ ನಿಮ್ಮ ಮೇಜರ್ರು?"

ಪಲ್ಟನ್ನಿನಿಂದ ಫೋನು ಬಂದಿತ್ತಂತೆ. ಸಿಪಾಯಿಯ ರಜೆ ಮುಗಿದು ಇಪ್ಪತ್ತಮೂರು ದಿನವಾಗಿದೆ, ಬಂದಿಲ್ಲ, ಫೋನು ಸ್ವಿಚಾಫ್. ಮೂವತ್ತು ದಿನ ದಾಟಿದರೆ ವಿಚಾರಣೆ ಕೂತು 'ಓಡಿಹೋದವನು' ಎಂದು ಬರೆಯುತ್ತಾರೆ. ಆಮೇಲೆ ಪೊಲೀಸರಿಗೆ ಕಾಗದ, ಊರಿನಲ್ಲಿ ಹಿಡಿಯುವುದು, ಜೈಲು, ವಜಾ. ಹನ್ನೊಂದು ವರ್ಷದ ಸರ್ವೀಸು ಗಾಳಿಗೆ. ಪಿಂಚಣಿಯೂ ಇಲ್ಲ, ಮರ್ಯಾದೆಯೂ ಇಲ್ಲ. ಬೇರೆ ಯಾವ ಕಮಾಂಡರಾದರೂ ಆ ಫೋನಿಗೆ 'ರೂಲು ಪ್ರಕಾರ ಮಾಡಿ' ಎಂದು ಹೇಳಿ ಕಾಫಿ ಕುಡಿಯುತ್ತಿದ್ದ. ಅದರಲ್ಲಿ ತಪ್ಪೂ ಇಲ್ಲ. ಇವರು ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದರು.

ಮೆಸೇಜಿನ ವಿಷಯ ಆಗಲೇ ಹೇಳಬೇಕಿತ್ತು. ಬಸ್ಸಿನಲ್ಲಿ ಹೇಳೋಣ ಅಂದುಕೊಂಡೆ. ಬಸ್ಸು ಹತ್ತಿದ ಮೇಲೆ, ಬೆಳ್ಳಾವಿಯಲ್ಲಿ ಹೇಳೋಣ ಅಂದುಕೊಂಡೆ.

ಬೆಳ್ಳಾವಿಯಲ್ಲಿ ಸಿಪಾಯಿಯ ಹೆಂಡತಿ ಹೊರಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಎಳೇ ಮುಖ, ಬಿಳಿಚಿಕೊಂಡಿತ್ತು. ನಾವು ಅವಳ ಗಂಡನ ಪಲ್ಟನ್ನಿನವರೆಂದು ತಿಳಿದ ಕೂಡಲೇ ಗಾಬರಿಯಿಂದ ಎದ್ದು ನಿಂತಳು.

"ಅವ್ರು ಸೇರ್ಕೊಂಡ್ರಲ್ವಾ ಸಾರ್? ಏನೂ ಆಗಿಲ್ಲ ತಾನೆ?"

ಅವಳ ಲೆಕ್ಕದಲ್ಲಿ ಗಂಡ ರಜೆ ಮುಗಿದ ದಿನವೇ ಯೂನಿಫಾರ್ಮ್ ಹಾಕಿಕೊಂಡು, ಟ್ರಂಕು ಹೊತ್ತು, ಪಲ್ಟನ್ನಿಗೆ ಹೋಗಿದ್ದಾನೆ. ಪಲ್ಟನ್ನಿನ ಲೆಕ್ಕದಲ್ಲಿ ಅವನು ಮನೆಯಲ್ಲಿದ್ದಾನೆ. ಇಪ್ಪತ್ತಮೂರು ದಿನದಿಂದ ಅವನು ಎರಡೂ ಕಡೆ ಇಲ್ಲ. ನನ್ನ ಕಣ್ಣ ಮುಂದೆ ರೈಲು ಹಳಿ ಬಂತು, ಕೆರೆ ಬಂತು, ತೋಟದ ಬಾವಿ ಬಂತು.

ಸಾಹೇಬರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಜಗಲಿಯ ಮೇಲೆ ಕೂತರು. "ಏನೂ ಆಗಿಲ್ಲ ಕಣವ್ವ. ನಾವು ರಜದಾಗೆ ಈ ಕಡೆ ಬಂದಿದ್ವಿ. ಮನೆ ಕಡೆ ಹೆಂಗವ್ರೆ ನೋಡ್ಕೊಂಡ್ ಹೋಗನ ಅಂತ ಬಂದ್ವಿ."

"ಊಟ ಸರಿಯಾಗ್ ಮಾಡ್ತಾರಾ ಸಾರ್ ಅಲ್ಲಿ? ಇಲ್ಲಿ ತಟ್ಟೆ ಮುಂದೆ ಕೂತ್ಕೊಂಡು ಸುಮ್ನೆ ಎದ್ದೋಗ್ಬುಡೋರು."

"ಮಾಡ್ತನೆ ಕಣವ್ವ. ಊಟದ್ದು ನಾನೇ ನೋಡ್ಕೋತೀನಿ."

ಮಜ್ಜಿಗೆ ಕೊಟ್ಟಳು. ಕುಡಿದು ಎದ್ದೆವು. ಬಸ್ ಸ್ಟಾಪಿಗೆ ಬಂದ ಮೇಲೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗೋಣ, ಆಸ್ಪತ್ರೆಗಳಲ್ಲಿ ಕೇಳೋಣ, ಎಂದು ಒಂದೇ ಉಸಿರಿಗೆ ಬಡಬಡಿಸಿದೆ. ಹಳಿ, ಕೆರೆ, ಬಾವಿ ಮೂರನ್ನೂ ಹೇಳಿದೆ.

"ಬಾಯ್ಮುಚ್ಚು" ಎಂದರು. "ಸಾಯೋನು ಟ್ರಂಕ್ ಹೊತ್ಕೊಂಡ್ ಹೋಗಲ್ಲ ಕಣ್ಲಾ. ಓಡೋಗೋನೂ ಯಾವನೂ ಓಡೋಗ್ಬೇಕು ಅಂತ ಹೋಗಲ್ಲ. ಒಂದಿನ ಲೇಟಾಗ್ತನೆ. ಇವತ್ತು ಹೋದ್ರೆ ಒಂದಿನ ಯಾಕೆ ಲೇಟು ಅಂತಾರೆ, ಏನ್ ಹೇಳ್ಲಿ ಅಂತ ಕೂತ್ಕೋತನೆ. ನಾಳೆಗೆ ಎರಡು ದಿನ ಆಯ್ತದೆ. ಎರಡು ದಿನಕ್ಕೆ ಬೇರೆ ಸುಳ್ಳು ಬೇಕು. ಅದು ಹೊಂಚೋ ಹೊತ್ಗೆ ನಾಲ್ಕು ದಿನ. ಮನೇಗೂ ಹೋಗಂಗಿಲ್ಲ. ಹೋದ್ರೆ ಯಾವಾಗಪ್ಪ ಹೊರಡೋದು ಅಂತ ಊರೋರೆಲ್ಲ ಕೇಳ್ತಾರೆ."

"ನಿಮ್ಗೆ ಹೆಂಗೊತ್ತು ಸಾಬ್?"

ಅವರು ನನ್ನನ್ನು ಒಂದು ಸಲ ನೋಡಿ ಮುಖ ತಿರುಗಿಸಿದರು. "ಹನ್ನೊಂದು ದಿನ. ನಮ್ಮವ್ವ ತೀರ್ಕೊಂಡಾಗ. ಏಳು ದಿನ ಒಳಗೆ ಹಾಕಿದ್ರು. ಅವತ್ತು ಪಲ್ಟನ್ ನಡೆಸ್ತಿದ್ದ ಸಿಓ ಒಬ್ಬ ಪುಣ್ಯಾತ್ಮ, ನನ್ನ ದಾಖಲೇಲಿ ಕೆಂಪು ಇಂಕಲ್ಲಿ ಬರೀಲಿಲ್ಲ, ಕಪ್ಪಲ್ಲಿ ಬರ್ದ. ಕೆಂಪಲ್ಲಿ ಬರ್ದಿದ್ರೆ ನಾನು ಪರೀಕ್ಷೆಗೇ ಕೂರಂಗಿರ್ಲಿಲ್ಲ. ಇವತ್ತು ನಿಜ್ವಾಗ್ಲೂ ಕಾಯಿ ಕೀಳ್ತಿದ್ದೆ, ನಿನ್ನ ಹೆಂಡ್ತಿ ಅಂದಂಗೆ."

ಕೇಳಿಸಿಕೊಂಡಿದ್ದರು. ಮಂದವಾಗಿದ್ದದ್ದು ಬಲಗಿವಿ ಮಾತ್ರ.

"ಈಗ ಯೋಚ್ನೆ ಮಾಡು. ಜೇಬಲ್ಲಿ ದುಡ್ಡಿಲ್ಲ, ಮನೇಗೆ ಹೋಗಂಗಿಲ್ಲ, ಇಪ್ಪತ್ಮೂರು ದಿನ ಹೊಟ್ಟೆಗೆ ಏನ್ ಮಾಡ್ತನೆ? ಯಾರು ಏನು ಅಂತ ಕೇಳ್ದೆ ದಿನಾ ಊಟ ಹಾಕೋ ಜಾಗ ನಮ್ ಕಡೆ ಒಂದೇ ಇರೋದು. ನಾನೂ ಅಲ್ಲೇ ಉಂಡಿದ್ದು."

ಮಾರನೆಯ ದಿನ, ಅಂದರೆ ಇಪ್ಪತ್ತನಾಲ್ಕನೇ ದಿನ, ಮಧ್ಯಾಹ್ನದ ಹೊತ್ತಿಗೆ ನಾವಿಬ್ಬರೂ ಕ್ಯಾತ್ಸಂದ್ರದಲ್ಲಿ ಇಳಿದು ಮಠದ ಕಡೆ ನಡೆದೆವು. ದಾಸೋಹದಲ್ಲಿ ನೂರಾರು ಜನ. ವಿದ್ಯಾರ್ಥಿಗಳು, ಯಾತ್ರಿಕರು, ದಾರಿಹೋಕರು. ನಾನು ಮುಖಗಳನ್ನು ಹುಡುಕತೊಡಗಿದೆ. ಸಾಹೇಬರು ಒಳಗೇ ಬರಲಿಲ್ಲ. ಹೊರಗೆ ಚಪ್ಪಲಿಗಳ ರಾಶಿಯ ಮುಂದೆ ಬಗ್ಗಿಕೊಂಡು ನಡೆಯುತ್ತಿದ್ದರು, ಕಳೆದುಹೋದದ್ದನ್ನು ಹುಡುಕುವವರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಕೈಮಾಡಿ ಕರೆದರು.

ಒಂದರ ಮೇಲೊಂದು ಬಿದ್ದಿದ್ದ ಚಪ್ಪಲಿಗಳಿಂದ ಮಾರು ದೂರದಲ್ಲಿ, ಗೋಡೆಯ ಬುಡಕ್ಕೆ, ಒಂದು ಜೊತೆ ಸವೆದ ಚಪ್ಪಲಿ ಇತ್ತು. ಹಿಮ್ಮಡಿ ಗೋಡೆಗೆ ತಾಗಿ, ತುದಿ ಹೊರಗೆ ಮುಖಮಾಡಿ, ಎರಡೂ ಸ್ಕೇಲಿಟ್ಟು ಜೋಡಿಸಿದ ಹಾಗೆ. ಬ್ಯಾರಕ್ಕಿನಲ್ಲಿ ಮಂಚದ ಕೆಳಗೆ ಬೂಟು ಇಡುವುದು ಹೀಗೆ.

"ಗಡ್ಡ ಬಿಡ್ಬೋದು, ಹೆಸ್ರು ಬದಲಾಯಿಸ್ಬೋದು" ಎಂದರು ಸಾಹೇಬರು. "ಇದು ಹೋಗಲ್ಲ" ಎಂದು ಆ ಚಪ್ಪಲಿಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

ಇಪ್ಪತ್ತು ನಿಮಿಷವಾಗಿರಬೇಕು. ನನಗೆ ಇಪ್ಪತ್ತು ವರ್ಷ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಗಡ್ಡದವನೊಬ್ಬ ಬಂದ. ನಮ್ಮನ್ನು ನೋಡಿದ. ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ, ಬರಿಗಾಲಲ್ಲಿ, ಅಷ್ಟು ಜನರ ನಡುವೆ, ಹಿಮ್ಮಡಿ ಕೂಡಿಸಿ ಅಟೆನ್ಷನ್ ನಿಂತ.

ಸಾಹೇಬರು ಕೂತಲ್ಲಿಂದಲೇ ಕೇಳಿದರು. "ಊಟ ಆಯ್ತೇನ್ಲಾ?"

"ಆಯ್ತು ಸಾಬ್."

"ಹಂಗಾರೆ ಕೂತ್ಕೋ. ಚಪ್ಲಿ ಹಾಕ್ಕೊ ಮೊದ್ಲು, ಕಾಲು ಸುಡ್ತದೆ."

ಅವನು ಕೂತ. ಆಮೇಲೆ ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

"ಬಾಬೂಜಿ, ನಿಮ್ಗೆ ಮೆಸೇಜ್ ಕಳ್ಸಿದ್ನಲ್ಲ. ಸಿಗ್ಲಿಲ್ವಾ?"

ನಾನು ನೆಲ ನೋಡಿದೆ. "ಸಿಕ್ತು" ಎಂದೆ.

"ನಿಮ್ ಉತ್ರ ಬರ್ತದೆ, ಬರ್ತದೆ ಅಂತ ನಾಲ್ಕು ದಿನ ಇಲ್ಲೇ ಕಾಯ್ದೆ. ಆಮೇಲೆ ಫೋನ್ ಆಫ್ ಮಾಡ್ಬುಟ್ಟೆ. ಬೇರೆ ಯಾರಾರ ಮಾಡಿದ್ರೆ ಏನಂತ ಹೇಳ್ಲಿ."

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾನು ಸರ್ಟಿಫಿಕೇಟ್ ಎಂದೆ, ಲೆಫ್ಟಿನೆಂಟ್ ಎಂದೆ, ರೈಲು ಎಂದೆ. ಹೇಳುತ್ತ ಹೇಳುತ್ತ ನನಗೇ ಅಸಹ್ಯವಾಗಿ ನಿಲ್ಲಿಸಿದೆ. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು.

"ರೂಲು ಪ್ರಕಾರ ನೀನು ಮಾಡಿದ್ದು ಸರಿ" ಎಂದರು. ಅಷ್ಟೇ.

ಆಮೇಲೆ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುವಾಗ, ಸಿಪಾಯಿ ಕೈ ತೊಳೆಯಲು ಎದ್ದು ಹೋದ ಮೇಲೆ, ಮೆಲ್ಲಗೆ ಹೇಳಿದರು. "ಆ ಹನ್ನೊಂದು ದಿನದಾಗೆ ನಾನೂ ಒಬ್ಬ ಬಾಬುಗೆ ಟೆಲಿಗ್ರಾಂ ಹೊಡ್ದಿದ್ದೆ. ಅವ್ನೂ ಉತ್ರ ಕೊಡ್ಲಿಲ್ಲ. ಅವ್ನ ಮುಖ ಇವತ್ಗೂ ಮರ್ತಿಲ್ಲ ಕಣ್ಲಾ. ನಮ್ಮವ್ವನ ಮುಖನೇ ಸರಿಯಾಗಿ ಜ್ಞಾಪ್ಕಕ್ಕೆ ಬರಲ್ಲ, ಅವ್ನುದ್ದು ಬರ್ತದೆ." ಲೋಟ ಕೆಳಗಿಟ್ಟರು. "ನಿನ್ನ ಮುಖ ಅವ್ನಿಗೆ ಹಂಗೆ ಕೂರಬಾರ್ದು. ನೋಡ್ಕೋ."

ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಶಿಕ್ಷೆ ಅದೊಂದೇ.

ಮಾರನೆಯ ದಿನ ಮಧ್ಯಾಹ್ನ ತುಮಕೂರಿನಲ್ಲಿ ದಿಲ್ಲಿ ರೈಲಿತ್ತು. ಅದು ವಾರಕ್ಕೆ ಎರಡೇ ದಿನ. ತಪ್ಪಿದರೆ ಮುಂದಿನ ರೈಲು ಹಿಡಿದು ಸೇರುವಷ್ಟರಲ್ಲಿ ಮೂವತ್ತು ದಾಟುತ್ತಿತ್ತು. ಸಾಹೇಬರು ಮೂರು ಟಿಕೆಟ್ ಮಾಡಿಸಿದರು. ಅವರದೂ ನನ್ನದೂ ಒಂದು ಬೋಗಿ, ಸಿಪಾಯಿಯದು ಬೇರೆ. ಹಿಡಿದು ತಂದವನಿಗೆ ಒಂದು ಲೆಕ್ಕ, ತಾನಾಗಿ ನಡೆದು ಬಂದವನಿಗೆ ಇನ್ನೊಂದು. ತಾನಾಗಿ ಬಂದರೆ ಸಿಓ ತಾವೇ ಕೂತು ತೀರ್ಮಾನ ಮಾಡಬಹುದು. ಹಿಡಿದು ತಂದರೆ ಮಾತು ಮೇಲಕ್ಕೆ ಹೋಗುತ್ತದೆ. ಅವನು ತನ್ನ ಕಾಲಲ್ಲೇ ಗೇಟು ದಾಟಬೇಕು.

ಟಿಕೆಟ್ಟನ್ನು ಸಿಪಾಯಿಯ ಕೈಗೆ ಕೊಟ್ಟು ಹೇಳಿದರು, "ಈಗ ಊರಿಗ್ ಹೋಗು. ಗಡ್ಡ ತೆಗಿ. ಹೆಂಡ್ತಿ ಮುಂದೆ ನಿಂತ್ಕೊಂಡು ಇದ್ದದ್ದು ಇದ್ದಂಗೆ ಹೇಳು. ಅದೊಂದಾದ್ರೆ ಸಿಓ ಮುಂದೆ ನಿಂತ್ಕೊಳೋದು ಏನೂ ಅಲ್ಲ. ನಾಳೆ ಸ್ಟೇಷನ್‌ಗೆ ಬಾ."

ಅವನು ಮಠದಲ್ಲಿಟ್ಟಿದ್ದ ಟ್ರಂಕೆತ್ತಿಕೊಂಡು ಹೋದ. ನಾನು ಸಾಹೇಬರ ಮೇಲೆ ಬಿದ್ದೆ. "ಸಾಬ್, ಸಿಕ್ಕೋನ್ನ ಬಿಟ್ಬುಟ್ರಲ್ಲ! ನಾಳೆ ಬರ್ದಿದ್ರೆ?"

"ಬರ್ದಿದ್ರೆ ಬರಲ್ಲ. ಕೈಹಿಡ್ಕೊಂಡು ಕರ್ಕೊಂಡ್ ಹೋದ್ರೆ ಅಲ್ಲಿಂದ ಓಡೋಯ್ತನೆ. ನೀನು ಮನೇಗ್ ಹೋಗಿ ನಿನ್ನ ಬ್ಯಾಗ್ ಕಟ್ಟು."

ಮನೆಯಲ್ಲಿ ಹೆಂಡತಿ, "ರಜ ಇನ್ನೂ ಹನ್ನೆರಡು ದಿನ ಐತಲ್ಲ, ಯಾಕೀಗಲೇ?" ಎಂದಳು. ಹೇಳಿದೆ. ಎಲ್ಲ ಹೇಳಿದೆ, ಮೆಸೇಜಿನ ವಿಷಯವನ್ನೂ. ಅವಳು ನನ್ನ ಬ್ಯಾಗಿಗೆ ಚಟ್ನಿಪುಡಿ ಡಬ್ಬಿ ತುರುಕಿ, "ಹೋಗಿ ಅತ್ಲಾಗೆ, ಅವ್ನ ಜೊತೇಲೇ ಹೋಗಿ" ಎಂದಳು. ಸಮಾಧಾನವೋ ಬೈಗುಳವೋ ಈಗಲೂ ಗೊತ್ತಿಲ್ಲ.

ಸ್ಟೇಷನ್ನಿಗೆ ನಾನು ಎರಡು ಗಂಟೆ ಮುಂಚೆ ಹೋಗಿದ್ದೆ. ಸಾಹೇಬರು ಆಗಲೇ ಬಂದು, ಬೆಂಚಿನ ತುದಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಅವರಿಗೆ ಚಿಂತೆಯೇ ಇಲ್ಲವೆಂದುಕೊಂಡೆ. ಆಮೇಲೆ ನೋಡಿದರೆ ಸಿಪ್ಪೆ ಬಾಯಿಗೆ ಹಾಕಿಕೊಂಡು ಬೀಜ ಎಸೆಯುತ್ತಿದ್ದರು. ನಾನು ಹೇಳಲಿಲ್ಲ. ರೈಲು ಬರುವ ಹೊತ್ತಾಯಿತು. ಘೋಷಣೆಯೂ ಆಯಿತು. ಅವನಿಲ್ಲ. ಎಂಜಿನ್ನು ಕಾಣಿಸಿತು. ಅವನಿಲ್ಲ. ಸಾಹೇಬರು ಎದ್ದು ನಿಂತು ಓವರ್‌ಬ್ರಿಜ್ಜಿನ ಮೆಟ್ಟಿಲನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಆಗ ಕಂಡದ್ದು ಮೇಜರನ ಕೋಪ ಅಲ್ಲ, ಬೇಡಿಕೊಳ್ಳುವವನ ನೋಟ. "ಬಾರ್ಲಾ" ಎಂದು ತುಟಿ ಮಾತ್ರ ಅಲ್ಲಾಡಿತು. "ಬಾರ್ಲಾ ಮಗನೆ."

ರೈಲು ನಿಂತಿತು. ಜನ ಇಳಿದರು, ಹತ್ತಿದರು. ಆಗ ಮೆಟ್ಟಿಲ ಮೇಲೆ ಮೊದಲು ಕಾಣಿಸಿದವಳು ಅವನ ಹೆಂಡತಿ. ಆ ಬಾಣಂತಿ ಮೈಯಲ್ಲೇ ಓಡಿಬರುತ್ತಿದ್ದಳು, ಕೈಯಲ್ಲಿ ಬುತ್ತಿಯ ಗಂಟು. ಹಿಂದೆ ಟ್ರಂಕು ಹೊತ್ತು ಅವನು, ನುಣ್ಣಗೆ ಬೋಳಿಸಿದ ಗಲ್ಲ. ಅವಳೇ ಅವನ ಬೋಗಿ ಹುಡುಕಿದಳು, ಅವಳೇ ಬೆನ್ನಿಗೆ ಕೈಕೊಟ್ಟು ಹತ್ತಿಸಿದಳು. ಆಮೇಲೆ ನಮ್ಮ ಬೋಗಿಯ ಕಿಟಕಿಗೆ ಬಂದು ನಿಂತಳು.

"ಅವತ್ತು ನನ್ನ ಹತ್ರ ಸುಳ್ಳು ಹೇಳಿದ್ರಲ್ಲ ಸಾರ್."

"ಹೂಂ ಕಣವ್ವ. ಹೇಳ್ದೆ."

"ಕೆಲ್ಸ ಉಳೀತದಾ?"

"ಅದು ನನ್ನ ಕೈಲಿಲ್ಲ. ನನ್ನ ಕೈಲಿರೋದು ಅವ್ನ ಪಕ್ಕದಾಗೆ ನಿಂತ್ಕೊಳೋದು. ನಿಂತ್ಕೋತೀನಿ."

ಅವಳು ತಲೆಯಾಡಿಸಿದಳು. ರೈಲು ಹೊರಟಿತು.

ಅರಸೀಕೆರೆಯಲ್ಲಿ ಅವನು ನೀರಿಗಿಳಿದು ಮತ್ತೆ ಹತ್ತಿದ; ನಾನು ಬಾಗಿಲಲ್ಲಿ ನೇತಾಡಿಕೊಂಡು ನೋಡಿದೆ. ಹಳಿ ಒಣಗಿತ್ತು. ದಿಲ್ಲಿಯಲ್ಲಿ ಯಾರೂ ತಡೆಯಲಿಲ್ಲ. ಇಪ್ಪತ್ತೆಂಟನೇ ದಿನ ಬೆಳಿಗ್ಗೆ ಅವನು ಯೂನಿಫಾರ್ಮಿನಲ್ಲಿ, ಒಬ್ಬನೇ, ಗೇಟಿಗೆ ನಡೆದು ಹೋಗಿ ತನ್ನ ನಂಬರು ಹೇಳಿದ. ನಾವಿಬ್ಬರೂ ಒಂದು ಗಂಟೆ ಬಿಟ್ಟು ಬೇರೆ ಆಟೋದಲ್ಲಿ ಹೋದೆವು. ನಾನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಮಾಡಿದ ಮೊದಲ ಕೆಲಸ ಇದು: ಅವನ ಅರ್ಜಿ ಬಂದ ದಿನಾಂಕ, ಅದನ್ನು ನಾನು ಮುಂದಿಡದೇ ಇದ್ದದ್ದು, ಎರಡನ್ನೂ ಬರೆದು ಕೆಳಗೆ ಸಹಿ ಹಾಕಿ ಫೈಲಿನ ಮೇಲಿಟ್ಟೆ. ಸಹಿ ಬೇರೆಯವರದ್ದರ ಹಾಗೆ ಬಂತು.

ಸಿಓ ಮೂರು ತಲೆಮಾರಿನ ಅಧಿಕಾರಿಗಳ ಮನೆಯವರು, ಒಳ್ಳೆಯವರು, ನೆಟ್ಟಗೆ ಕೂರುವವರು. ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಸಿಪಾಯಿಗೆ ಹದಿನಾಲ್ಕು ದಿನ ಕ್ವಾರ್ಟರ್ ಗಾರ್ಡಿನ ಲಾಕಪ್ಪು. ಕೆಲಸ ಉಳಿಯಿತು. ನನಗೆ ಲಿಖಿತ ಎಚ್ಚರಿಕೆ, ಅದನ್ನು ನಾನೇ ಟೈಪ್ ಮಾಡಬೇಕಾಯಿತು. ಈಗ ಆ ಸಿಪಾಯಿ ಪಿಂಚಣಿ ಪಡೆದು ಬೆಳ್ಳಾವಿಯಲ್ಲಿದ್ದಾನೆ. ಎರಡು ಹೆಣ್ಣುಮಕ್ಕಳು. ಸಾಹೇಬರ ಮಣ್ಣಿಗೆ ಬಂದಿದ್ದ. ನನ್ನ ಮುಖ ನೋಡಿ ಮಾತಾಡಿಸಿದ.

ಅಂದರೆ ಎಲ್ಲವೂ ಸರಿಹೋಯಿತು. ಕೆಟ್ಟದ್ದು ಒಂದೇ ಒಂದು, ತೀರಾ ಸಣ್ಣದು, ನನ್ನ ಯಾವ ಪಟ್ಟಿಯಲ್ಲೂ ಇಲ್ಲದ್ದು. ಅದರ ಕಥೆ ಮೆಸ್ಸಿನಲ್ಲಿ ಬಹಳ ವರ್ಷ ನಗುವಿಗೆ ಒದಗಿತಂತೆ.

ವಿಚಾರಣೆಗೆ ಒಳಗೆ ಹೋಗುವ ಮುಂಚೆ ಸಿಓ ಕೋಣೆಯ ಹೊರಗೆ ವರಾಂಡದಲ್ಲಿ ಸಾಲಾಗಿ ನಿಂತಿದ್ದೆವು. ಮುಂದೆ ಸಿಪಾಯಿ, ಅವನ ಪಕ್ಕದಲ್ಲಿ ಸಾಹೇಬರು, ಹಿಂದೆ ಫೈಲು ಹಿಡಿದುಕೊಂಡು ನಾನು. ಅಪರಾಧಿ ಬರಿತಲೆಯಲ್ಲಿ ಒಳಗೆ ಹೋಗಬೇಕು, ಅದು ಪದ್ಧತಿ. ಸುಬೇದಾರ್ ಮೇಜರು ಗಂಟಲು ಸರಿಮಾಡಿಕೊಂಡು ಆಜ್ಞೆ ಕೂಗಿದರು. "ಟೋಪಿ ಉತಾರ್!"

ಸಿಪಾಯಿಯ ಕೈ ಮೇಲೆ ಹೋಯಿತು. ಅದರ ಜೊತೆಗೇ, ಅದೇ ವೇಗದಲ್ಲಿ, ಸಾಹೇಬರ ಕೈಯೂ ಮೇಲೆ ಹೋಯಿತು. ಹದಿನೈದು ವರ್ಷದಿಂದ ಅಧಿಕಾರಿಯಾಗಿದ್ದ ಮನುಷ್ಯ, ಹೆಗಲ ಮೇಲೆ ಮೇಜರನ ಸಿಂಹಲಾಂಛನ, ಟೋಪಿ ತೆಗೆದು ಎಡಕಂಕುಳಿಗೆ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತ ನಿಂತುಬಿಟ್ಟರು. ಸುಬೇದಾರ್ ಮೇಜರ ಬಾಯಿ ತೆರೆದದ್ದು ತೆರೆದಂತೇ ಇತ್ತು. "ಸಾಬ್, ನಿಮಗಲ್ಲ" ಎಂದು ಹಿಂದಿನಿಂದ ಪಿಸುಗುಟ್ಟಿದೆ. ನಾನಿದ್ದದ್ದು ಅವರ ಬಲಗಿವಿಯ ಕಡೆ, ಕೇಳಿಸಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಲೆಫ್ಟ್ ರೈಟ್ ಎಂದು ನಡೆದು ಹೋಗಿ ಮೇಜಿನ ಮುಂದೆ ನಿಂತೆವು. ಸಿಓ ಕಾಗದದಿಂದ ತಲೆಯೆತ್ತಿ ನೋಡಿದಾಗ, ಅವರ ಎದುರಿಗೆ ಬರಿತಲೆಗಳು ಎರಡಿದ್ದವು.